ವೂಲಿಚ್ ಸೈನಿಕನ ಹತ್ಯೆಯ ಟಿವಿ ಪ್ರಸಾರಕ್ಕೆ ಬ್ರಿಟನ್ನಿನ ಜನ ಸಿಟ್ಟಾದದ್ದೇಕೆ?

ಕೊಂದವನ ಮಾತೇ ಸುದ್ದಿಯ ಮುಖವಾಯಿತು, ಅದಕ್ಕೆ. 2013ರ ಮೇ 22ರ ಮಧ್ಯಾಹ್ನ ಲಂಡನ್ನಿನ ವೂಲಿಚ್‌ನಲ್ಲಿ, ಸೇನಾ ಬ್ಯಾರಕ್ಸ್‌ನ ಹತ್ತಿರವೇ, 25 ವರ್ಷದ ಸೈನಿಕ ಲೀ ರಿಗ್ಬಿಯನ್ನು ನಡುಬೀದಿಯಲ್ಲಿ ಇಬ್ಬರು ಕೊಂದರು. ಅವರು ಓಡಿಹೋಗಲಿಲ್ಲ. ಒಬ್ಬನು ನೆತ್ತರು ಮೆತ್ತಿದ ಕೈಯಲ್ಲಿ ಆಯುಧ ಹಿಡಿದೇ, ದಾರಿಹೋಕರ ಮೊಬೈಲ್ ಕ್ಯಾಮೆರಾದ ಮುಂದೆ ತನ್ನ ಕೃತ್ಯವನ್ನು ಸಮರ್ಥಿಸಿಕೊಂಡ. ಅದೇ ದೃಶ್ಯ ಸಂಜೆ ಆರೂವರೆಗೆ ಬ್ರಿಟನ್ನಿನ ಐಟಿವಿ ವಾಹಿನಿಯ ವಾರ್ತೆಯಲ್ಲಿ ಬಂತು.

ಬ್ರಿಟನ್ನಿನಲ್ಲಿ ರಾತ್ರಿ ಒಂಬತ್ತರವರೆಗಿನ ಹೊತ್ತನ್ನು ಮಕ್ಕಳೂ ನೋಡುವ ಹೊತ್ತೆಂದು ಪರಿಗಣಿಸುತ್ತಾರೆ. ಪ್ರಸಾರದ ವಿರುದ್ಧ ನೂರಾರು ದೂರುಗಳು ಬಂದವು. ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್, ಇಂಥ ಅಸಾಮಾನ್ಯ ಘಟನೆಯಲ್ಲಿ ನಿಯಮ ಮುರಿದಿಲ್ಲ ಎಂದು 2014ರ ಜನವರಿಯಲ್ಲಿ ಹೇಳಿತು. ಆದರೆ ವೀಕ್ಷಕರಿಗೆ ಮುನ್ನೆಚ್ಚರಿಕೆ ಕೊಡುವ ಬಗೆಗೆ ವಾಹಿನಿಗಳನ್ನು ಎಚ್ಚರಿಸಿತು.

ನನಗಂತೂ ದೂರುದಾರರದೇ ಸರಿಯೆನಿಸುತ್ತದೆ. ಇಂಥ ಹಂತಕನಿಗೆ ಬೇಕಾದದ್ದೇ ಪ್ರೇಕ್ಷಕರು. ಪರದೆ ಅವನಿಗೆ ಅದನ್ನೇ ಒದಗಿಸುತ್ತದೆ. ಆ ಬೀದಿಯಲ್ಲಿ ಅಂದು ಕೆಲವು ಹೆಂಗಸರು ಹಂತಕರ ಎದುರೇ ಸತ್ತವನ ಪಕ್ಕದಲ್ಲಿ ಕುಳಿತು ಅವನ ದೇಹಕ್ಕೆ ಕಾವಲಾದರು. ಮುಂದಿನ ದಿನಗಳಲ್ಲಿ ಬ್ಯಾರಕ್ಸ್‌ನ ಹೊರಗೆ ಹೂಗುಚ್ಛಗಳು ರಾಶಿಯಾಗಿ ಬಿದ್ದವು.