ನಿಮ್ಮ ‘ಪಾದದ ನೋವಿಗೆ ಹತ್ತು ಪರಿಹಾರ’ ಲೇಖನದ ಬಗ್ಗೆ

ನಮಸ್ಕಾರ,

ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಭಾಷೆ ಸಲೀಸಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಮೊದಲ ಸಾಲಿನಲ್ಲೇ ಮದ್ದು ಶುರುವಾಗಿದೆ. ನೋವು ಎಲ್ಲಿ, ಯಾವಾಗ ಎಂದು ನೀವು ಕೇಳಿಯೇ ಇಲ್ಲ.

ಈ ಎರಡು ಪ್ರಶ್ನೆಗಳಿಂದಲೇ ಎಷ್ಟೋ ಗೊತ್ತಾಗುತ್ತದೆ. ಬೆಳಿಗ್ಗೆ ಎದ್ದು ಇಟ್ಟ ಮೊದಲ ಹೆಜ್ಜೆಗೇ ಹಿಮ್ಮಡಿ ಚುಚ್ಚಿ, ಸ್ವಲ್ಪ ಓಡಾಡಿದ ಮೇಲೆ ನೋವು ಇಳಿದರೆ ಅದು ಪ್ಲಾಂಟರ್ ಫೇಶಿಯೈಟಿಸ್ ಇರಬಹುದು, ಅಂದರೆ ಅಂಗಾಲಿನ ಉದ್ದಕ್ಕೂ ಇರುವ ಗಟ್ಟಿ ಪಟ್ಟಿಯ ತೊಂದರೆ. ಹೆಬ್ಬೆರಳಿನ ಬುಡ ರಾತ್ರೋರಾತ್ರಿ ಕೆಂಪಗೆ ಊದಿ, ಹೊದಿಕೆ ತಾಗಿದರೂ ತಡೆಯಲಾಗದಿದ್ದರೆ ಗೌಟ್, ಅಂದರೆ ಕೀಲಿನಲ್ಲಿ ಯೂರಿಕ್ ಆಮ್ಲದ ಹರಳು ಸೇರುವ ಕಾಯಿಲೆ, ನೆನಪಾಗಬೇಕು. ಮೂರನೇ ಮತ್ತು ನಾಲ್ಕನೇ ಬೆರಳಿನ ನಡುವೆ ಉರಿ, ಶೂ ಬಿಚ್ಚಿದರೆ ಆರಾಮ ಅಂದರೆ ನರ ಒತ್ತಿಕೊಂಡಿರಬಹುದು. ಈ ಮೂವರಿಗೂ ನೀವು ಬಿಸಿನೀರಿನಲ್ಲಿ ಕಾಲಿಡಲು ಹೇಳಿದ್ದೀರಿ.

‘ಹಿಮ್ಮಡಿಯಲ್ಲಿ ಬೆಳೆದ ಮುಳ್ಳನ್ನು ತೆಗೆಸಲೇಬೇಕು’ ಎಂಬ ಮಾತನ್ನು ದಯವಿಟ್ಟು ಹೊಡೆದುಹಾಕಿ. ಎಕ್ಸ್‌ರೇಯಲ್ಲಿ ಆ ಮುಳ್ಳು, ಅಂದರೆ ಮೂಳೆಯ ಚೂಪಾದ ಬೆಳವಣಿಗೆ, ಕಂಡ ಎಷ್ಟೋ ಜನಕ್ಕೆ ನೋವೇ ಇರುವುದಿಲ್ಲ. ಪ್ಲಾಂಟರ್ ಫೇಶಿಯೈಟಿಸ್ ಬಹುತೇಕರಿಗೆ ಆಪರೇಷನ್ ಇಲ್ಲದೆ ವಾಸಿಯಾಗುತ್ತದೆ. ಅಂಗಾಲು, ಮೀನಖಂಡ ಎರಡನ್ನೂ ದಿನಾ ಎಳೆದು ಹಿಡಿಯುವ ವ್ಯಾಯಾಮ ಬೇಕು, ಹಿಮ್ಮಡಿಗೆ ಮೆತ್ತನೆ ಆಸರೆ ಬೇಕು. ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲವರಿಗೆ ವರ್ಷವೇ ಆಗಬಹುದು. ಅದನ್ನೂ ಬರೆಯಿರಿ. ‘ವಾರದಲ್ಲಿ ಮಾಯ’ ಎಂದು ಓದಿದವರು ಎಂಟನೇ ದಿನ ವ್ಯಾಯಾಮ ಬಿಟ್ಟುಬಿಡುತ್ತಾರೆ, ಅಲ್ವಾ?

ನನಗೆ ಜಾಸ್ತಿ ಕಳವಳವಾದದ್ದು ಸಕ್ಕರೆ ಕಾಯಿಲೆಯ ಬಗ್ಗೆ ಒಂದು ಸಾಲೂ ಇಲ್ಲದ್ದು. ನರ ಮಂದವಾದ ಪಾದಕ್ಕೆ ನೀರು ಎಷ್ಟು ಬಿಸಿ ಎಂದು ತಿಳಿಯುವುದಿಲ್ಲ. ನಿಮ್ಮ ಮೊದಲ ಪರಿಹಾರವೇ ಅವರ ಚರ್ಮ ಸುಡಬಹುದು. ಅಂಥವರ ಪಾದ ಕೆಂಪಗೆ, ಬಿಸಿಯಾಗಿ ಊದಿದ್ದರೆ, ನೋವು ಕಡಿಮೆ ಇದ್ದರೂ ಒಳಗೆ ಮೂಳೆಗಳು ಕುಸಿಯುತ್ತಿರಬಹುದು. ಕಾಲೂರದೆ ಕೂಡಲೇ ವೈದ್ಯರ ಹತ್ತಿರ ಹೋಗಬೇಕು. ಇದನ್ನು ಲೇಖನದ ಮೇಲ್ಭಾಗದಲ್ಲೇ ಹಾಕಿ, ಕೊನೆಗೆ ತಳ್ಳಬೇಡಿ.

ಕಾಲು ಉಳುಕಿದವರಿಗೂ ಒಂದು ಮಾತು ಬೇಕು. ನಾಲ್ಕು ಹೆಜ್ಜೆ ಇಡಲೂ ಆಗದಿದ್ದರೆ ಎಕ್ಸ್‌ರೇ ತೆಗೆಸಬೇಕು. ಯಾರಿಗೆ ಎಕ್ಸ್‌ರೇ ಬೇಕೆಂದು ತೀರ್ಮಾನಿಸಲು ಕೆನಡಾದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ರೂಪಿಸಿದ ನಿಯಮಗಳಲ್ಲಿ ಇದೂ ಒಂದು.

ಪರಿಹಾರಗಳು ಹತ್ತೇ ಇರಬೇಕೆಂದಿಲ್ಲ, ನಾಲ್ಕಿದ್ದರೂ ಸಾಕು. ತಿದ್ದಿ ಕಳಿಸಿ, ಖಂಡಿತ ಮತ್ತೆ ಓದುತ್ತೇನೆ.

— ಸಂಪಾದಕ