ಸೆಲ್ಲು ನೋಡಿ ಟಾರ್ಚು ಕೊಳ್ಳಿ

ಓದುಗರ ಪ್ರಶ್ನೆಗಳಿಗೆ ನಮ್ಮ ರಿಪೇರಿ ಅಣ್ಣನ ಉತ್ತರ. ಇವರು ತುಮಕೂರಿನ ಮಂಡಿಪೇಟೆ ಹತ್ತಿರ 31 ವರ್ಷ ರೇಡಿಯೊ, ಟಾರ್ಚು, ಮಿಕ್ಸಿ ರಿಪೇರಿ ಮಾಡಿದವರು.

ಪ್ರಶ್ನೆ: ಅಣ್ಣಾ, ನಮ್ಮದು ಶಿಡ್ಲಘಟ್ಟದ ಕಡೆ ಹಳ್ಳಿ. ರೇಷ್ಮೆ ಸಾಕಿದ್ದೇವೆ. ರಾತ್ರಿ ಹುಳುಮನೆಯಲ್ಲಿ ಸೊಪ್ಪು ಹಾಕುವ ಹೊತ್ತಿಗೇ ಕರೆಂಟು ಹೋಗುತ್ತದೆ. ಡಿಸೆಂಬರಿನಲ್ಲಿ ಮಗ ಬೇರೆ ಸ್ನೇಹಿತರ ಜೊತೆ ಮಧುಗಿರಿ ಹತ್ತಿರದ ತೋಟದಲ್ಲಿ ಟೆಂಟು ಹಾಕಿ ಎರಡು ರಾತ್ರಿ ಇರುತ್ತಾನಂತೆ. ಎರಡಕ್ಕೂ ಆಗುವ ಟಾರ್ಚು ಬೇಕು. 600 ರೂಪಾಯಿ ದಾಟಬಾರದು. ಸಂತೆಯಲ್ಲಿ ಒಬ್ಬರು 450ಕ್ಕೆ 10,000 ಲೂಮೆನ್ನಿನದು ತೋರಿಸಿದರು, ಹತ್ತು ಗಂಟೆ ಉರಿಯುತ್ತದಂತೆ. ಅಂಗಡಿಯಲ್ಲಿ 550 ಕೊಟ್ಟರೂ ಬರೀ 200 ಲೂಮೆನ್. ನಮ್ಮ ಯಜಮಾನರು ‘ಮೊಬೈಲ್ ಲೈಟೇ ಸಾಕು’ ಅಂತಾರೆ. ಯಾವುದು ತಗೊಳ್ಳಲಿ?
– ಓದುಗರು, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಅಮ್ಮಾ, ಲೂಮೆನ್ ಅಂದರೆ ಟಾರ್ಚು ಚೆಲ್ಲುವ ಒಟ್ಟು ಬೆಳಕಿನ ಅಳತೆ. ಆ 10,000 ಲೂಮೆನ್ನಿಗೆ ಮೊದಲು ಒಂದು ಲೆಕ್ಕ ಹಾಕೋಣ. ಸಾಧಾರಣ ಎಲ್‌ಇಡಿ ಒಂದು ವಾಟಿಗೆ ಸುಮಾರು 100 ಲೂಮೆನ್ ಬೆಳಕು ಕೊಡುತ್ತದೆ. ಹಾಗಾದರೆ 10,000ಕ್ಕೆ 100 ವಾಟ್ ಬೇಕು. ಹತ್ತು ಗಂಟೆ ಉರಿದರೆ ನಿಮ್ಮ ಮನೆ ಮೀಟರಿನಲ್ಲಿ ಪೂರ್ತಿ ಒಂದು ಯೂನಿಟ್. ಇಬ್ಬರು ಹಿಡಿದು ಎತ್ತುವ 150 ಆಂಪಿಯರ್-ಅವರ್ ಇನ್ವರ್ಟರ್ ಬ್ಯಾಟರಿ ಇದೆಯಲ್ಲ, ಅದರ ಅರ್ಧಕ್ಕಿಂತ ಜಾಸ್ತಿ ಕರೆಂಟು ಅದು. ಟಾರ್ಚಿನೊಳಗೆ ಇರುವುದು ಬೆರಳುದ್ದದ ಒಂದು ಸೆಲ್ಲು. ಅದು ಎಷ್ಟೇ ಒಳ್ಳೆಯದಾದರೂ ಯೂನಿಟ್ಟಿನ ನೂರರಲ್ಲಿ ಒಂದು ಪಾಲು, ಅಂದರೆ 10 ವಾಟ್-ಅವರ್ ಆಸುಪಾಸು. ಹತ್ತು ಗಂಟೆ ಎಲ್ಲಿಂದ ಬರಬೇಕು?

ಈಗ 200 ಲೂಮೆನ್ ತಗೊಳ್ಳಿ. 2 ವಾಟ್ ಸಾಕು. ಅದೇ ಸೆಲ್ಲಿನಲ್ಲಿ ನಾಲ್ಕೈದು ಗಂಟೆ. ಲೆಕ್ಕ ತಾಳೆ ಆಗುತ್ತದೆ. ಅಂಗಡಿಯವರು ಕಡಿಮೆ ಹೇಳುತ್ತಿರುವುದೇ ನಂಬಿಕೆಗೆ ಕಾರಣ ಅಂದುಕೊಳ್ಳಿ. 200 ಅಂದರೆ ಸಣ್ಣ ಬೆಳಕೂ ಅಲ್ಲ. ನಮ್ಮಪ್ಪ ಮೂರು ಸೆಲ್ಲಿನ ಬ್ಯಾಟರಿ ಹಿಡಿದು ರಾತ್ರಿ ಕಪಿಲೆ ಬಾವಿ ತನಕ ಹೋಗಿ ಬರುತ್ತಿದ್ದರು. ಆಗ ಟಾರ್ಚಿಗೇ ಬ್ಯಾಟರಿ ಅಂತ ಹೆಸರು. ಅದರ ಬಲ್ಬು 200ರ ಹತ್ತಿರಕ್ಕೂ ಬರುತ್ತಿರಲಿಲ್ಲ.

ಇದನ್ನೆಲ್ಲ ಹೇಳುವ ನಾನೂ ಮೋಸ ಹೋದವನೇ. ಒಂದು ಜಾತ್ರೆಯಲ್ಲಿ ಟಾರ್ಚು ಕೊಂಡೆ. ಸೆಲ್ಲಿನ ಮೇಲೆ 9,900 ಎಂಎಎಚ್ ಅಂತ ದಪ್ಪಕ್ಷರದಲ್ಲಿತ್ತು. ಎಂಎಎಚ್ ಅಂದರೆ ಸೆಲ್ಲು ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ. ಆ ವಾರ ಭಾವನ ಜೊತೆ ದೇವರಾಯನದುರ್ಗಕ್ಕೆ ಹೋಗಿ, ಕತ್ತಲಾದ ಮೇಲೆ ಮೆಟ್ಟಿಲಿಳಿಯುವಾಗ ಅರ್ಧ ದಾರಿಯಲ್ಲೇ ಕಣ್ಣು ಮುಚ್ಚಿತು. ಉಳಿದ ಮೆಟ್ಟಿಲೆಲ್ಲ ಭಾವನ ಬೈಗುಳದ ಬೆಳಕಿನಲ್ಲಿ ಇಳಿದೆ. ಮಾರನೇ ದಿನ ಪಕ್ಕದ ಅಕ್ಕಸಾಲಿಗರ ತಕ್ಕಡಿಯಲ್ಲಿ ಸೆಲ್ಲು ಇಟ್ಟು ನೋಡಿದರೆ 28 ಗ್ರಾಂ. ಅದನ್ನು 18650 ಸೆಲ್ಲು ಅನ್ನುತ್ತಾರೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಅಸಲಿಯಾದರೆ 45 ಗ್ರಾಂ ಹತ್ತಿರ ತೂಗಬೇಕು, ಕೋಳಿಮೊಟ್ಟೆಗಿಂತ ಸ್ವಲ್ಪ ಹಗುರ. ಹೆಸರಾಂತ ಕಂಪನಿಗಳದ್ದೇ 3,500 ಎಂಎಎಚ್ ಆಸುಪಾಸಿಗೆ ನಿಲ್ಲುತ್ತದೆ. ಈ ಅಳತೆಯ ಸೆಲ್ಲಿನ ಮೇಲೆ 6,000, 9,900 ಅಂತ ಬರೆದಿದ್ದರೆ ಮುಟ್ಟಬೇಡಿ. ಅಂಥ ಸೆಲ್ಲು ಬೇಗ ಮುಗಿಯುವುದಷ್ಟೇ ಅಲ್ಲ, ಚಾರ್ಜ್ ಮಾಡುವಾಗ ಕಾದು ಅಪಾಯವೂ ಆಗಬಹುದು.

ಇನ್ನು ನಿಮ್ಮ ಕೆಲಸಕ್ಕೆ ಬರೋಣ. ಸೊಪ್ಪು ಹಾಕಲು ಎರಡು ಕೈಯೂ ಬೇಕು. ಟಾರ್ಚನ್ನು ಕಂಕುಳಲ್ಲಿ ಇಟ್ಟುಕೊಳ್ಳುತ್ತೀರೋ, ಬಾಯಲ್ಲಿ ಕಚ್ಚಿಕೊಳ್ಳುತ್ತೀರೋ? ಕೈಯಲ್ಲಿ ಹಿಡಿಯುವುದು ಬೇಡವೇ ಬೇಡ. ಹಣೆಗೆ ಕಟ್ಟುವ ಹೆಡ್ ಟಾರ್ಚು ತಗೊಳ್ಳಿ. 200 ಲೂಮೆನ್ ಜೋರು, 20ರ ಹತ್ತಿರ ಮಂದ, ಎರಡೂ ಇರಬೇಕು. ಕೊಳ್ಳುವಾಗ ಎಲ್ಲರೂ ಜೋರು ಬೆಳಕನ್ನೇ ಗೋಡೆಗೆ ಬಿಟ್ಟು ನೋಡುತ್ತಾರೆ. ನೀವು ಮಂದ ಬೆಳಕು ನೋಡಿ, ಮುಕ್ಕಾಲು ಪಾಲು ಬಳಸುವುದು ಅದನ್ನೇ. ಹುಳುಗಳಿಗೂ ಜೋರು ಬೆಳಕು ಹಿಡಿಸುವುದಿಲ್ಲ, ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. 20 ಲೂಮೆನ್ನಿನಲ್ಲಿ ಒಳ್ಳೇ ಸೆಲ್ಲು ಮಗನ ಎರಡು ರಾತ್ರಿಯೂ ಬೆಳಗಿನ ತನಕ ಉರಿಯುತ್ತದೆ.

ಬೆಳಕಿನ ಬಣ್ಣವನ್ನೂ ನೋಡಿ. ನೀಲಿ ಹೊಡೆಯುವ ಬಿಳಿ ಬೇಡ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಡಬ್ಬಿ ಮೇಲೆ 4,000–5,000 ಕೆಲ್ವಿನ್ ಅಂತ ಇದ್ದರೆ ಒಳ್ಳೆಯದು. ಒಣಗಿದ ತರಗಿನ ಮೇಲೆ ಕೊಳಕುಮಂಡಲ ಮಲಗಿದ್ದರೆ ನೀಲಿ ಬೆಳಕಿನಲ್ಲಿ ಎಲ್ಲ ಒಂದೇ ಬೂದಿ ಬಣ್ಣ. ಹುಳುಮನೆಗೆ ನಡೆಯುವಾಗ ಬೆಳಕು ನಿಮ್ಮ ಕಾಲಿನ ಎರಡು ಮಾರು ಮುಂದೆ ಬೀಳಲಿ, ದೂರಕ್ಕಲ್ಲ. ದೂರ ಅಂದಾಗ ನೆನಪಾಯಿತು: ಡಬ್ಬಿ ಮೇಲೆ ‘200 ಮೀಟರ್’ ಅಂತ ಹಾಕಿರುತ್ತಾರಲ್ಲ, ಅಷ್ಟು ದೂರದಲ್ಲಿ ಹುಣ್ಣಿಮೆ ಬೆಳದಿಂಗಳಷ್ಟು ಬೆಳಕು ಬೀಳುತ್ತದೆ ಅಂತ ಅದರ ಅರ್ಥ. ಅಲ್ಲಿ ನಿಂತವರ ಮುಖ ಕಾಣುತ್ತದೆ ಅಂತಲ್ಲ.

ಐಪಿಎಕ್ಸ್4 ಅಂತ ಇದ್ದರೆ ಮಳೆ ಹನಿಗೆ ಹೆದರಬೇಕಿಲ್ಲ. ಮುಂದೆ ಹಿಂದೆ ಎಳೆಯುವ ಜೂಮ್ ಬೇಡ, ಅದರ ಸಂದಿಯಲ್ಲೇ ನೀರು ಹೋಗುವುದು. ಸೆಲ್ಲು ಬಿಚ್ಚಿ ಬದಲಾಯಿಸುವಂತಿರಲಿ. ಟೈಪ್-ಸಿ ಪಿನ್ನಿನ ಅಗ್ಗದ ಟಾರ್ಚುಗಳು ಎರಡೂ ಕಡೆ ಸಿ ಇರುವ ಹೊಸ ಕೇಬಲ್ಲಿನಲ್ಲಿ ಚಾರ್ಜ್ ಆಗದೆ ಹೋಗುವುದುಂಟು. ಒಂದು ಕಡೆ ಹಳೇ ಅಗಲ ಮೂತಿ ಇರುವ ಕೇಬಲ್ ಹಾಕಿ ನೋಡಿ, ಆಮೇಲೆ ಅಂಗಡಿಯವರ ಜೊತೆ ಜಗಳಕ್ಕೆ ಹೋಗಿ.

ಮಗನಿಗೆ ಎರಡು ಮಾತು. ಮಧುಗಿರಿ ಕಡೆಯದು ಚಿರತೆ, ಕರಡಿ ಇರುವ ಸೀಮೆ. ರಾತ್ರಿ ಟೆಂಟಿನಿಂದ ಕಾಲು ಆಚೆ ಇಡುವ ಮುಂಚೆ ತಲೆ ಹೊರಗೆ ಹಾಕಿ ಸುತ್ತ ಜೋರು ಬೆಳಕು ಬಿಡಲಿ. ಪ್ರಾಣಿಯ ಕಣ್ಣಿಗೆ ಬಿದ್ದ ಬೆಳಕು ಬಂದ ದಾರಿಯಲ್ಲೇ ವಾಪಸ್ ಬರುತ್ತದೆ. ಹಾಗಾಗಿ ಹಣೆ ಮೇಲಿನ ಟಾರ್ಚಿಗೆ ಕಣ್ಣು ಹೊಳೆದಷ್ಟು ಕೈಯಲ್ಲಿ ಹಿಡಿದದ್ದಕ್ಕೆ ಹೊಳೆಯುವುದಿಲ್ಲ. ಎರಡು ಕೆಂಡ ಕಂಡರೆ ಒಳಗೇ ಇರಲಿ. ಬೆಳಗಿನ ಜಾವ ಮಂಜು ಬಿದ್ದಾಗ ಮಾತ್ರ ಇದು ಉಲ್ಟಾ. ಹಣೆ ಬೆಳಕು ಮಂಜಿಗೆ ತಾಗಿ ಕಣ್ಣಿಗೇ ಹೊಡೆಯುತ್ತದೆ, ಮುಂದೆ ಬಿಳಿ ಗೋಡೆ ನಿಂತಂತೆ. ಆಗ ಟಾರ್ಚು ಬಿಚ್ಚಿ ಸೊಂಟದ ಮಟ್ಟಕ್ಕೆ ಹಿಡಿಯಲಿ.

ಯಜಮಾನರ ಮೊಬೈಲು? ಕರೆಂಟು ಇಲ್ಲದ ರಾತ್ರಿ ಲೈಟು ಉರಿಸಿ ಅದರ ಚಾರ್ಜ್ ಮುಗಿಸಿಕೊಂಡರೆ ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಸಾಗಿಸಲು 108ಕ್ಕೆ ಫೋನ್ ಮಾಡುವುದು ಯಾತರಲ್ಲಿ? ಇದನ್ನು ಅವರಿಗೇ ಓದಿ ಹೇಳಿ.

ಪ್ರಶ್ನೆ: ನಾಲ್ಕು ವೋಲ್ಟಿನ ಚಾರ್ಜಿಂಗ್ ಟಾರ್ಚು ವರ್ಷಕ್ಕೊಂದು ಹಾಳಾಗುತ್ತಿದೆ. ಬೀರುವಿನಲ್ಲಿ ಜೋಪಾನವಾಗಿಯೇ ಇಡುತ್ತೇನೆ.
– ಓದುಗರು, ಬಂಗಾರಪೇಟೆ

ಉತ್ತರ: ಜೋಪಾನ ಮಾಡಿದ್ದೇ ತಪ್ಪಾಯಿತು! ಅದರಲ್ಲಿರುವುದು ಸ್ಕೂಟರಿನ ಬ್ಯಾಟರಿಯಂಥದೇ ಸೀಸದ ಬ್ಯಾಟರಿ. ಸುಮ್ನೆ ಇಟ್ಟರೂ ತಾನಾಗಿ ಇಳಿಯುತ್ತದೆ. ಇಳಿದು ತಿಂಗಳುಗಟ್ಟಲೆ ಕೂತರೆ ಸೀಸದ ಪ್ಲೇಟಿನ ಮೇಲೆ ಉಪ್ಪಿನಂತೆ ಹರಳುಗಟ್ಟಿ ಚಾರ್ಜ್ ಹಿಡಿಯುವುದಿಲ್ಲ. ರಿಪೇರಿಗೆ ಬಂದ ಇಂಥ ಟಾರ್ಚುಗಳಲ್ಲಿ ಜಾಸ್ತಿ ಪಾಲು ಬಳಸಿ ಸವೆದವಲ್ಲ, ಬಳಸದೆ ಸತ್ತವು. ಬಳಸಲಿ ಬಿಡಲಿ, ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಮಾಡಿ. ಬಾಡಿಗೆ ಕಟ್ಟುವ ದಿನವೇ ಮಾಡಿದರೆ ಮರೆಯುವುದಿಲ್ಲ. ಅಪರೂಪಕ್ಕೆ ಮಾತ್ರ ಬೇಕು ಅನ್ನುವಿರಾದರೆ ಗೋಡೆ ಗಡಿಯಾರದ ಸೆಲ್ಲು ಹಾಕುವ ಟಾರ್ಚೇ ವಾಸಿ. ರಾತ್ರಿ ಒಂಬತ್ತಕ್ಕೂ ಬೀದಿ ಅಂಗಡಿಯಲ್ಲಿ ಆ ಸೆಲ್ಲು ಸಿಗುತ್ತದೆ. ಆದರೆ ಒಳಗೇ ಬಿಟ್ಟು ಮರೆಯಬೇಡಿ, ಸೋರಿ ಸ್ಪ್ರಿಂಗು ತಿಂದುಹಾಕುತ್ತದೆ. ಸೆಲ್ಲು ಬಿಚ್ಚಿ, ರಬ್ಬರ್ ಬ್ಯಾಂಡಿನಲ್ಲಿ ಟಾರ್ಚಿಗೇ ಕಟ್ಟಿಡಿ.

ಪ್ರಶ್ನೆ: ಒಂದೇ ಟಾರ್ಚಿನಲ್ಲಿ ಇಡೀ ರೂಮಿಗೆ ಬೆಳಕು ಮಾಡಬಹುದೇ?
– ಓದುಗರು, ಗುಬ್ಬಿ

ಉತ್ತರ: ಸುಣ್ಣ ಹೊಡೆದ ಬಿಳಿ ಸೂರಿದ್ದರೆ ಟಾರ್ಚನ್ನು ಲೋಟದಲ್ಲಿ ನಿಲ್ಲಿಸಿ ಮೇಲಕ್ಕೆ ಬಿಡಿ, ಊಟ ಬಡಿಸುವಷ್ಟು ಬೆಳಕಾಗುತ್ತದೆ. ಟೆಂಟಿನಲ್ಲಾದರೆ ಹೆಡ್ ಟಾರ್ಚನ್ನು ನೀರಿನ ಬಾಟಲಿಗೆ ಬೆಳಕು ಒಳಮುಖವಾಗುವಂತೆ ಸುತ್ತಿ. ಒಂದು ಚಮಚ ಹಾಲು ಬೆರೆಸಿದರೆ ಇನ್ನೂ ಚೆನ್ನ, ಆದರೆ ಬೆಳಗ್ಗೆ ಅದನ್ನು ಯಾರೂ ಕುಡಿಯದಂತೆ ನೋಡಿಕೊಳ್ಳಿ.