ವಿಮರ್ಶೆಯಲ್ಲಿ ಅರಳಿದ ನಗೆ

ಪ್ರಶ್ನೆ: ಆನ್‌ಲೈನ್ ಅಂಗಡಿಗಳಲ್ಲಿ ಗ್ರಾಹಕರು ಬರೆಯುವ ಹಾಸ್ಯದ ವಿಮರ್ಶೆಗಳಿಂದ ಯಾರಿಗಾದರೂ ಪ್ರಯೋಜನವಾದದ್ದುಂಟೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಖಂಡಿತ ಉಂಟು. ಅಮೆರಿಕದ ‘ದಿ ಮೌಂಟನ್’ ಕಂಪನಿಯ, ಚಂದ್ರನನ್ನು ನೋಡಿ ಊಳಿಡುವ ಮೂರು ತೋಳಗಳ ಚಿತ್ರವಿದ್ದ ಟೀ ಶರ್ಟನ್ನು ತೊಟ್ಟರೆ ಹೆಂಗಸರು ತಾವಾಗಿಯೇ ಮನಸೋಲುತ್ತಾರೆಂದು ಕಾನೂನು ವಿದ್ಯಾರ್ಥಿಯೊಬ್ಬರು 2008ರ ನವೆಂಬರಿನಲ್ಲಿ ಅಮೆಜಾನಿನಲ್ಲಿ ಬಹು ಗಂಭೀರವಾಗಿ ಬರೆದರು. ನೂರಾರು ಜನ ಅದೇ ಧಾಟಿಯಲ್ಲಿ ಅಂಗಿಯ ಪವಾಡಗಳನ್ನು ಪೋಣಿಸುತ್ತಾ ಹೋದರು. 2009ರ ಮೇ ತಿಂಗಳಲ್ಲಿ ಅದು ಅಲ್ಲಿನ ಉಡುಪುಗಳ ಮಾರಾಟದಲ್ಲಿ ಮೊದಲ ಸ್ಥಾನಕ್ಕೇರಿತು. ಆದರೆ ನನಗೆ ಹೆಚ್ಚು ಪ್ರಿಯವಾದದ್ದು 2012ರ ಪ್ರಸಂಗ. ಹೆಣ್ಣುಮಕ್ಕಳಿಗೆಂದೇ ಬಿಕ್ ಕಂಪನಿ ತಂದ ಪೆನ್ನಿಗೆ, ಇಷ್ಟು ದಿನ ಗಂಡಸರ ಪೆನ್ನು ಹಿಡಿಯಲಾಗದೆ ಒದ್ದಾಡಿದ್ದೆವು ಎಂಬರ್ಥದ ಕೃತಜ್ಞತೆಗಳನ್ನು ಸಲ್ಲಿಸಿ ಅನೇಕ ಮಹಿಳೆಯರು ನೀಡಿದ ಉತ್ತರವು ಯಾವ ಪ್ರತಿಭಟನಾ ಪತ್ರಕ್ಕಿಂತಲೂ ಹರಿತವಾಗಿತ್ತು.